ಕಲಬುರಗಿಯ ಸ್ಕ್ಯಾನಿಂಗ್ ಅಂಗಡಿ: ಫೋಟೊಗೆ ಫುಲ್ ಮಾರ್ಕ್ಸ್, ಚೀಟಿಗೆ ಫೇಲ್

ಸೂಪರ್ ಮಾರ್ಕೆಟ್ ಕಡೆಯ ಈ ಸ್ಟುಡಿಯೊದಲ್ಲಿ ಮದುವೆ ಆಲ್ಬಮ್‌ಗಳ ಗದ್ದಲದ ನಡುವೆಯೇ ಹಳೆ ಫೋಟೊ, ಕಾಗದಪತ್ರ ಸ್ಕ್ಯಾನ್ ಮಾಡಿಕೊಡುತ್ತಾರೆ. ನಾವು ಕೊಟ್ಟ ಕಟ್ಟು ಸುಲಭದ್ದೇನಲ್ಲ. ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 19ನೇ ಶತಮಾನದ ಹವ್ಯಾಸಿ ಖನಿಜ ಸಂಗ್ರಾಹಕನೊಬ್ಬನ ಪತ್ರಗಳು, ನೋಟುಪುಸ್ತಕ, ಕಲ್ಲಿನ ಕೆಳಗೆ ಇಡುತ್ತಿದ್ದ ಚೀಟಿಗಳು, ರಟ್ಟಿಗೆ ಅಂಟಿಸಿದ ಫೋಟೊಗಳು.

ಮೊದಲು ಫೋಟೊ, ಯಾಕೆಂದರೆ ಅದರಲ್ಲಿ ಇವರನ್ನು ಮೀರಿಸುವುದು ಕಷ್ಟ. ಆ ಕಾಲದ ಬಹುಪಾಲು ಪ್ರಿಂಟುಗಳು ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದದವು. ಒಣಗಿದಂತೆ ಲೋಳೆಯ ಪದರ ಬಿಗಿದುಕೊಂಡು ರಟ್ಟನ್ನೂ ಬಾಗಿಸುತ್ತದೆ. ಅದನ್ನು ಸ್ಕ್ಯಾನರ್ ಮುಚ್ಚಳದಡಿ ಒತ್ತಿದರೆ ಮೇಲ್ಮೈ ಬಿರಿಯುತ್ತದೆ. ಇಲ್ಲಿ ಹಾಗೆ ಒತ್ತುವುದಿಲ್ಲ. ಕ್ಯಾಮೆರಾವನ್ನು ನೇರ ಕೆಳಮುಖವಾಗಿ ನಿಲ್ಲಿಸಿ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ತೆಗೆಯುತ್ತಾರೆ. ಎರಡೂವರೆ ಇಂಚು ಅಗಲ, 4 ಇಂಚು ಎತ್ತರದ ಚಿಕ್ಕ ಕಾರ್ಡಿಗೆ 1200 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಲೆಕ್ಕ ಹಿಡಿದಿದ್ದಾರೆ. ವಿವರ ಕಳೆಯದೆ ಉಳಿಸುವ 24 ಬಿಟ್ ಕಲರ್ ಟಿಫ್ ಫೈಲು ಸುಮಾರು 43 ಎಂಬಿ ಆಗುತ್ತದೆ. ರಟ್ಟಿನ ಹಿಂಬದಿಯನ್ನೂ ಕೇಳದೆಯೇ ತೆಗೆದಿದ್ದಾರೆ. ಸ್ಟುಡಿಯೊ ಹೆಸರು, ಊರು ಅಚ್ಚಾಗಿರುವುದು ಅಲ್ಲೇ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಒಂದು ಎಚ್ಚರಿಕೆ ಮಾತ್ರ: ಹಳದಿ ಛಾಯೆ, ಚುಕ್ಕೆ ತೆಗೆದು ಹೊಳಪಿಸಿದ ಪ್ರತಿಯನ್ನೇ ಪೆನ್‌ಡ್ರೈವಿಗೆ ಹಾಕುವುದು ಇಲ್ಲಿನ ರೂಢಿ. ಮುಟ್ಟದ ಮೂಲ ಟಿಫ್ ಬೇಕೆಂದು ಮೊದಲೇ ಬರೆಸಿಕೊಳ್ಳಿ.

ಕಾಗದದ ಕಡೆ ಬಂದರೆ ಚಿತ್ರವೇ ಬೇರೆ. ಪತ್ರಗಳನ್ನು ಝೆರಾಕ್ಸ್ ಮಾಡುವ ಹಾಗೆ ಕಪ್ಪು-ಬಿಳುಪು 'ಟೆಕ್ಸ್ಟ್' ಸೆಟ್ಟಿಂಗಿನಲ್ಲಿ ಎಳೆದಿದ್ದಾರೆ. ನೋಟುಪುಸ್ತಕದ ಅಂಚಿನ ತಿಳಿ ಪೆನ್ಸಿಲ್ ಬರಹ ಪೂರ್ತಿ ಮಾಯ. ಊದುಗೊಳವೆಯಿಂದ ಜ್ವಾಲೆಯನ್ನು ಕಲ್ಲಿನ ಚೂರಿನ ಮೇಲೆ ಊದಿ ಖನಿಜ ಪರೀಕ್ಷಿಸುವಾಗ ಜ್ವಾಲೆಯ ಬಣ್ಣವನ್ನು ಗೀಚಿಕೊಳ್ಳುತ್ತಿದ್ದದ್ದು ಆ ಅಂಚಿನಲ್ಲೇ! ಕಲರ್, 400 ಡಿಪಿಐ ಎಂದು ಹೇಳಿ ಮತ್ತೆ ಮಾಡಿಸಬೇಕಾಯಿತು. ಹಾಳೆ ತಾನೇ ಎಳೆದುಕೊಳ್ಳುವ ಮಶೀನಿಗೆ ಹಾಕಲು ಬಿಡಲೇಬೇಡಿ. ಕಬ್ಬಿಣದ ಉಪ್ಪು, ಟ್ಯಾನಿನ್ ಸೇರಿಸಿ ಮಾಡಿದ ಆ ಕಾಲದ ಶಾಯಿಯ ಆಮ್ಲ ಅಕ್ಷರದ ಜಾಗದಲ್ಲೇ ಕಾಗದವನ್ನು ತಿಂದಿರುತ್ತದೆ. ರೋಲರಿಗೆ ಸಿಕ್ಕರೆ ಸಾಲು ಸಾಲೇ ಉದುರುತ್ತದೆ. ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಕಾಪಿಯಿಂಗ್ ಪೆನ್ಸಿಲ್ಲಿನ (ಸೀಸದಲ್ಲಿ ಬಣ್ಣ ಬೆರೆಸಿದ ಹಳೆ ಪೆನ್ಸಿಲ್) ಬರಹಕ್ಕೆ ತೇವ ತಾಗಿದ ಕೂಡಲೇ ನೇರಳೆ ಬಣ್ಣ ಹರಡುತ್ತದೆ. ಒಣಗಿದ ಮೆತ್ತನೆಯ ಬ್ರಷ್ ಸಾಕು.

ಚೀಟಿಗಳ ವಿಷಯದಲ್ಲಿ ಮಾತ್ರ ಕ್ಷಮೆ ಇಲ್ಲ. ಖನಿಜ ಸಂಗ್ರಹದ ಜೀವವೇ ಆ ಬೆರಳಗಲದ ಕಾಗದ. ಅದರ ಮೂಲೆಯ ನಂಬರು, ಕಲ್ಲಿನ ಮೇಲೆ ಅಂಟಿಸಿದ ನಂಬರು, ನೋಟುಪುಸ್ತಕದ ನಂಬರು ಮೂರೂ ಹೊಂದಿದರೆ ಮಾತ್ರ ಆ ತುಂಡು ಯಾವ ಗಣಿಯದು, ಯಾರಿಂದ ಬಂತು ಎಂದು ಗೊತ್ತಾಗುತ್ತದೆ. ಇಲ್ಲದಿದ್ದರೆ ಅದು ಬರೀ ಕಲ್ಲು. ಇವರು ಅಂಚು ಸಾಪಾಗಿ ಕಾಣಲೆಂದು ಕ್ರಾಪ್ ಮಾಡಿ ಮೂಲೆಯ ನಂಬರನ್ನೇ ಕತ್ತರಿಸಿದ್ದಾರೆ, ಹಿಂಬದಿ ತೆಗೆದೇ ಇಲ್ಲ, ವಾಪಸು ಕೊಡುವಾಗ ಎಲ್ಲವನ್ನೂ ಒಂದೇ ಕವರಿಗೆ ತುಂಬಿದ್ದಾರೆ. ಜರ್ಮನಿಯ ಬಾನ್ ಊರಿನ ಕ್ರಾಂಟ್ಸ್‌ನಂಥ ಖನಿಜ ವ್ಯಾಪಾರಿಯ ಅಚ್ಚು ಚೀಟಿ ಇನ್ನೊಂದರ ಬೆನ್ನಿಗೆ ಅಂಟಿರುವುದು ಅಪರೂಪವಲ್ಲ, ಹಾಗಾಗಿ ಹಿಂಬದಿ ಬೇಕೇ ಬೇಕು. ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಜೊತೆ ಇದ್ದ ಚೀಟಿ ಕಂದಾಗಿ ತೂತು ಬಿದ್ದಿದ್ದರೆ ಬೇರೆ ಇಡಿ. ಪೈರೈಟ್ ತೇವಕ್ಕೆ ಕೊಳೆತಾಗ ಬಿಡುವ ಗಂಧಕಾಮ್ಲದ ಕೆಲಸ ಅದು. ಚೀಟಿಗಳನ್ನು ಮನೆಯಲ್ಲೇ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಎರಡೂ ಬದಿ ನೀವೇ ತೆಗೆದು ಫೈಲಿಗೆ ಆ ನಂಬರನ್ನೇ ಹೆಸರಾಗಿ ಕೊಡುವುದು ವಾಸಿ.

ಕೊನೆಗೆ ಲ್ಯಾಮಿನೇಷನ್ ಪುಕ್ಕಟೆ ಎನ್ನುತ್ತಾರೆ. ಬೇಡವೆನ್ನಿ, ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಪಿವಿಸಿ ಕವರೂ ಬೇಡ, ಪಾಲಿಯೆಸ್ಟರ್ ಕೇಳಿ. ಕಟ್ಟಿನಲ್ಲಿ ಸಯನೋಟೈಪ್ ಎಂಬ ನೀಲಿ ಬಣ್ಣದ ಹಳೆ ಫೋಟೊ ಪ್ರಿಂಟು ಇದ್ದರೆ ಕ್ಷಾರ ಬೆರೆಸಿದ ಕಾಗದದಲ್ಲಿ ಸುತ್ತಬೇಡಿ, ನೀಲಿ ಬಿಳಿಚಿಕೊಳ್ಳುತ್ತದೆ. ಬಾಗಿದ ಫೋಟೊಗಳನ್ನು ಏಪ್ರಿಲ್-ಮೇ ಬಿಸಿಲಿನ ಒಣಹವೆಯಲ್ಲಿ ಒಯ್ಯದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಶಹಾಬಾದ್ ಫರಸಿಯ ಮೇಲೆ ನೇರ ಇಡದೆ ಮಣೆ ಹಾಕಿ ಇಡಿ.

ದರ ಪುಟಕ್ಕಿಷ್ಟು ಎಂದು ಹೇಳುತ್ತಾರೆ. ಹಿಂಬದಿ ಇನ್ನೊಂದು ಪುಟ ಆಗುತ್ತದೋ ಇಲ್ಲವೋ ಎಂದು ಕೆಲಸ ಕೊಡುವ ಮುಂಚೆಯೇ ಕೇಳಿ, ರಸೀದಿಯಲ್ಲಿ ಬರೆಸಿ.