ಗೈಡೋ, ದಪ್ಪ ಪುಸ್ತಕವೋ, ತೀರ್ಪೋ?

ಪ್ರೈವೇಟ್ ಇಂಟರ್‌ನ್ಯಾಷನಲ್ ಲಾ (ಮದುವೆ, ಸಾಲ, ಆಸ್ತಿಯ ಜಗಳ ಎರಡು ದೇಶಗಳಿಗೆ ತಾಗಿದಾಗ ಯಾವ ದೇಶದ ಕೋರ್ಟ್, ಯಾವ ಕಾನೂನು ಅನ್ನುವ ವಿಷಯ) ಪೇಪರ್ ತಗೊಂಡಾಗ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಕಾರವಾರದಲ್ಲಿ ಕೂತು ಅದೇನಕ್ಕೆ? ನಮ್ಮ ಕೇರಿಯಲ್ಲೇ ಇಬ್ಬರು ಹಡಗಿನಲ್ಲಿ, ಮೂವರು ದುಬೈಯಲ್ಲಿ. ನೆಂಟಸ್ತಿಕೆ ಅರ್ಧ ಗೋವಾದಲ್ಲಿ. ಇಲ್ಲಿ ಬೇಡದ್ದು ಇನ್ನೆಲ್ಲಿ ಬೇಕು, ಅಲ್ವಾ?

ಮೊದಲು ಓದಿದ್ದು ಗೈಡ್. ಪರೀಕ್ಷೆಗೆ ಹತ್ತು ದಿನ ಉಳಿದಾಗ ಅದೇ ದೇವರು. ವಿದೇಶಿ ತೀರ್ಪನ್ನು ಒಪ್ಪದಿರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂನಲ್ಲಿ ಆರು ಕಾರಣಗಳಿವೆ. ಆರೂ ಬಾಯಿಪಾಠವಾದವು. ಆದರೆ ಒಂದು ಕತೆ ಕೊಟ್ಟು 'ಇಲ್ಲಿ ಯಾವುದು ಅನ್ವಯಿಸುತ್ತದೆ?' ಎಂದು ಕೇಳಿದಾಗ ಪೆನ್ನು ನಿಂತೇ ಹೋಯಿತು.

ಲೈಬ್ರರಿಯ ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ತಳಪಾಯ ಗಟ್ಟಿ. ಡಾಮಿಸೈಲ್, ಅಂದರೆ ಕಾನೂನಿನ ಲೆಕ್ಕದಲ್ಲಿ ಒಬ್ಬರ ಖಾಯಂ ನೆಲೆ, ಯಾವುದು ಅನ್ನುವುದು ನನಗೆ ಅದರಿಂದಲೇ ಅರ್ಥವಾಯಿತು. ರೆನ್ವಾ ಮಾತ್ರ ಮೂರು ಸಲ ಓದಿದೆ. ಒಂದು ದೇಶದ ಕೋರ್ಟ್ 'ಆ ದೇಶದ ಕಾನೂನು ನೋಡೋಣ' ಅನ್ನುತ್ತದೆ, ಆ ಕಾನೂನು 'ನಿಮ್ಮದನ್ನೇ ನೋಡಿಕೊಳ್ಳಿ' ಅಂತ ವಾಪಸ್ ಕಳಿಸುತ್ತದೆ. ಪಂಚಾಯ್ತಿಗೂ ತಾಲೂಕು ಕಚೇರಿಗೂ ಅಲೆದವರಿಗೆ ಇದೇನು ಹೊಸದಲ್ಲ ಬಿಡಿ. ಪುಸ್ತಕದ ತೊಂದರೆ ಅಂದರೆ ಉದಾಹರಣೆಗಳೆಲ್ಲ ಇಂಗ್ಲೆಂಡಿನವು.

ನನಗೆ ಹಿಡಿಸಿದ್ದು ತೀರ್ಪುಗಳನ್ನೇ ಓದುವುದು. ಇಂಡಿಯನ್ ಕಾನೂನ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1991ರ ನರಸಿಂಹ ರಾವ್ ಪ್ರಕರಣ ನೋಡಿ. 1975ರಲ್ಲಿ ತಿರುಪತಿಯಲ್ಲಿ ಮದುವೆ. ಗಂಡ ಅಮೆರಿಕದ ಮಿಸ್ಸೌರಿಯಲ್ಲಿ 90 ದಿನ ವಾಸವಿದ್ದೆ ಅಂತ ತೋರಿಸಿ ಡಿವೋರ್ಸ್ ತಂದ, ಇಲ್ಲಿ ಬಂದು ಮತ್ತೊಂದು ಮದುವೆಯಾದ. ಮೊದಲ ಹೆಂಡತಿ ದೂರು ಕೊಟ್ಟರು. ಮಿಸ್ಸೌರಿಯ ಕೋರ್ಟ್ ಹಿಡಿದ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲೇ ಇಲ್ಲ, ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪಿಯೂ ಇರಲಿಲ್ಲ. ಆ ಡಿವೋರ್ಸ್ ಇಲ್ಲಿ ನಡೆಯದು ಎಂದಿತು ಸುಪ್ರೀಂ ಕೋರ್ಟ್. ಗೈಡಿನ ಆರು ಸಾಲುಗಳಿಗೆ ಜೀವ ಬಂದದ್ದು ಆಗ.

ಹಾಗಂತ ತೀರ್ಪುಗಳಷ್ಟೇ ಸಾಕಾಗುವುದಿಲ್ಲ. ಉದ್ದ ಜಾಸ್ತಿ, ಕ್ರಮ ಇಲ್ಲ. ಯುಎಇ ಕೋರ್ಟುಗಳ ಹಣದ ಡಿಕ್ರಿಗಳನ್ನು (ಇಷ್ಟು ಹಣ ಕೊಡಿ ಅನ್ನುವ ಆದೇಶಗಳನ್ನು) 2020ರಿಂದ ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂ ಅಡಿ ನೇರವಾಗಿ ಇಲ್ಲೇ ಜಾರಿ ಮಾಡಿಸಬಹುದು. ದುಬೈ ಬ್ಯಾಂಕಿನ ಸಾಲ ಬಿಟ್ಟು ಬಂದವರಿಗೆ ದೊಡ್ಡ ಸುದ್ದಿ. ಹಳೆಯ ತೀರ್ಪುಗಳಲ್ಲಿ ಅದು ಎಲ್ಲಿ ಸಿಗಬೇಕು? ಈಗ ನಾನು ತೀರ್ಪು ಮೊದಲು ಓದಿ, ತಡವರಿಸಿದಲ್ಲಿ ಪುಸ್ತಕ ತೆರೆಯುತ್ತೇನೆ. ಗೈಡ್ ಕೊನೆಯ ವಾರಕ್ಕೆ.

2019ರ ಕುಟಿನ್ಹೊ ತೀರ್ಪನ್ನು ಮಡಗಾಂವ್ ರೈಲಿನಲ್ಲಿ ಓದಿದೆ. ಗೋವಾದವರೊಬ್ಬರು ತಮ್ಮ ಮುಂಬೈ ಮನೆಯನ್ನು ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಉಯಿಲು ಬರೆದಿದ್ದರು. ಉಳಿದ ಮಕ್ಕಳ ಪಾಲು? ಮನೆ ಗೋವಾದ ಹೊರಗಿದ್ದರೂ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯೇ ಅನ್ವಯ ಎಂದಿತು ಕೋರ್ಟ್. ಆ ಸಂಹಿತೆ ಈಗ ಭಾರತದ್ದೇ ಕಾನೂನು, ಆದ್ದರಿಂದ ಇಲ್ಲಿ ಪ್ರೈವೇಟ್ ಇಂಟರ್‌ನ್ಯಾಷನಲ್ ಲಾದ ಪ್ರಶ್ನೆಯೇ ಇಲ್ಲ ಅಂತಲೂ ಹೇಳಿತು. ಕಾಳಿ ಸೇತುವೆ ಮೇಲೆ ಶುರು ಮಾಡಿದ್ದೆ. ಆ ಸಾಲಿಗೆ ಬರುವಷ್ಟರಲ್ಲಿ ಅಸ್ನೋಟಿ ಸ್ಟೇಷನ್ ದಾಟಿತ್ತು.