ಡಯಾಲಿಸಿಸ್ ಕ್ಯಾಥೆಟರ್: ಕೈ ಅಂದಾಜೋ, ಅಲ್ಟ್ರಾಸೌಂಡೋ?

ಮೈಸೂರು, ಮಂಡ್ಯ ಎರಡೂ ಕಡೆ ಡಯಾಲಿಸಿಸ್ ರೋಗಿಗಳ ಕುತ್ತಿಗೆಯ ಅಭಿಧಮನಿಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಕ್ಯಾಥೆಟರ್, ಅಂದರೆ ರಕ್ತ ಹೊರತೆಗೆದು ವಾಪಸ್ ಬಿಡುವ ಕೊಳವೆ, ಹಾಕಿದ್ದೇನೆ. ಮೊದಲೆಲ್ಲ ಕೈ ಅಂದಾಜಿನಲ್ಲಿ, ಈಗ ಅಲ್ಟ್ರಾಸೌಂಡ್ ನೋಡಿಕೊಂಡು.

ಕೈ ಅಂದಾಜು ಸರಳ. ಕುತ್ತಿಗೆ ಸ್ನಾಯುವಿನ ಎರಡು ಕವಲುಗಳ ನಡುವಿನ ತ್ರಿಕೋನ ಹುಡುಕಬೇಕು. ಕ್ಯಾರೋಟಿಡ್, ಅಂದರೆ ಕುತ್ತಿಗೆಯ ದೊಡ್ಡ ಅಪಧಮನಿಯ ಮಿಡಿತ ಬೆರಳಿಗೆ ಸಿಕ್ಕ ಮೇಲೆ ಅದರ ಹೊರಬದಿಯಲ್ಲಿ ಸೂಜಿ ಬಿಡಬೇಕು. ತೆಳ್ಳಗಿರುವ, ಮೊದಲ ಸಲದ ರೋಗಿಗೆ ಕೆಲಸ ಬೇಗ ಮುಗಿಯುತ್ತದೆ. ಮಿಷನ್ ಬೇಡ, ಜೆಲ್ ಬೇಡ, ಕವರ್ ಖರ್ಚೂ ಇಲ್ಲ.

ಆದರೆ ನಮ್ಮಲ್ಲಿಗೆ ಬರುವವರು ಬಹಳಷ್ಟು ಜನ ಹಳಬರು. "ಹೋದ್ಸಲ ಇದೇ ಕಡೆ ಹಾಕಿದ್ರು ಸಾರ್, ಕಟ್ಕೊಂಡ್ಬಿಡ್ತು" ಅನ್ನುತ್ತಲೇ ಮಲಗುತ್ತಾರೆ. ಮಲಗಿದರೆ ಉಸಿರು ಕಟ್ಟುತ್ತದೆ, ಮೈಯಲ್ಲಿ ನೀರು ತುಂಬಿರುತ್ತದೆ. ಯೂರಿಯಾ ಏರಿರುವುದರಿಂದ ಪ್ಲೇಟ್‌ಲೆಟ್ ಸರಿಯಾಗಿ ಕೆಲಸ ಮಾಡಲ್ಲ. ಅಪಧಮನಿಗೆ ಸೂಜಿ ತಾಗಿತೋ, ಕುತ್ತಿಗೆ ಊದಿಕೊಳ್ಳುತ್ತದೆ.

ಇಲ್ಲಿ ಅಲ್ಟ್ರಾಸೌಂಡ್‌ನ ಪ್ರೋಬ್ ಇಟ್ಟು ಮೆಲ್ಲಗೆ ಒತ್ತಿ ನೋಡಿ. ಅಪಧಮನಿ ದುಂಡಗೆ ಮಿಡಿಯುತ್ತಲೇ ಇರುತ್ತದೆ, ಅಭಿಧಮನಿ ಚಪ್ಪಟೆಯಾಗುತ್ತದೆ. ಆಗಲಿಲ್ಲ ಅಂದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಅನುಮಾನಿಸಬೇಕು. ಕೆಲವರಲ್ಲಿ ಬಲಗಡೆಯ ಜುಗುಲರ್ (ನಾವು ಚುಚ್ಚುವ ಕುತ್ತಿಗೆಯ ಅಭಿಧಮನಿ) ದಾರದಷ್ಟು ಸಣ್ಣಗಾಗಿರುತ್ತದೆ. ಅಂಥ ಕಡೆ ಸುಮ್ನೆ ಚುಚ್ಚೋದೇ ಬೇಡ, ಬೇರೆ ಜಾಗ ನೋಡಬಹುದು. ಬೆರಳಿಗೆ ಇದು ಯಾವ ಕಾಲಕ್ಕೂ ತಿಳಿಯಲ್ಲ. ನನ್ನ ಪ್ರಕಾರ ಅಲ್ಟ್ರಾಸೌಂಡ್‌ನ ಲಾಭ ಜಾಸ್ತಿ ಇರುವುದು ಸೂಜಿ ಕೈಗೆತ್ತಿಕೊಳ್ಳುವ ಮುಂಚೆಯೇ.

ಸೂಜಿ ಒಳಗೆ ಹೋದ ಮೇಲೆ ಅಲ್ಟ್ರಾಸೌಂಡೂ ಮೋಸ ಮಾಡುತ್ತದೆ. ಅಡ್ಡ ನೋಟದಲ್ಲಿ ಕಾಣುವ ಬಿಳಿ ಚುಕ್ಕೆ ಸೂಜಿಯ ತುದಿಯೇ ಆಗಿರಬೇಕೆಂದಿಲ್ಲ, ನಡುಭಾಗವೂ ಇರಬಹುದು. ತುದಿ ಆಗಲೇ ಹಿಂದಿನ ಗೋಡೆ ದಾಟಿರುತ್ತದೆ. ಅದಕ್ಕೇ ಗೈಡ್‌ವೈರ್ (ಸೂಜಿಯೊಳಗಿಂದ ಬಿಡುವ ದಾರಿ ತೋರುವ ತಂತಿ) ಅಭಿಧಮನಿಯೊಳಗೇ ಇದೆ ಅಂತ ಉದ್ದ ನೋಟದಲ್ಲಿ ನೋಡದೆ ನಾನು ಡೈಲೇಟರ್ (ಕ್ಯಾಥೆಟರ್‌ಗೆ ದಾರಿ ಅಗಲಿಸುವ ಕೊಳವೆ) ಮುಟ್ಟಲ್ಲ. ಡಯಾಲಿಸಿಸ್ ಕ್ಯಾಥೆಟರ್ ಸುಮಾರು 4 ಮಿಲಿಮೀಟರ್ ದಪ್ಪ. ಅಪಧಮನಿಗೆ ಬರೀ ಸೂಜಿ ಹೋದರೆ ಒತ್ತಿ ಹಿಡಿಯಬಹುದು, ಡೈಲೇಟರ್ ಹೋದರೆ ಸರ್ಜನ್ ಬರಬೇಕು.

ಕಾಲರ್ ಮೂಳೆಯ ಕೆಳಗಿನ ಸಬ್‌ಕ್ಲೇವಿಯನ್ ಜಾಗಕ್ಕಂತೂ ಆದಷ್ಟು ಹೋಗಬೇಡಿ, ಯಾವ ವಿಧಾನವಾದರೂ ಸರಿ. ಅಲ್ಲಿನ ಅಭಿಧಮನಿ ಕಿರಿದಾದರೆ ಮುಂದೆ ಆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಅಪಧಮನಿ, ಅಭಿಧಮನಿ ಜೋಡಿಸಿ ಮಾಡುವ ದಾರಿ) ಕೆಡುತ್ತದೆ.

ಇನ್ನು ಮಿಷನ್ ವಿಷಯ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಪ್ರತಿ ಸ್ಕ್ಯಾನ್ ಮಿಷನ್‌ಗೂ ನೋಂದಣಿ, ಲೆಕ್ಕ ಇದೆ. 2023ರಲ್ಲಿ ಮಂಡ್ಯ ಕಡೆಯ ಆಲೆಮನೆಯಲ್ಲೇ ಸ್ಕ್ಯಾನ್ ನಡೆಯುತ್ತಿದ್ದದ್ದು ಸಿಕ್ಕಿಬಿತ್ತು. ಹಾಗಾಗಿ ಬಿಗಿ ಬೇಕು, ಸರಿಯೇ. ಆದರೆ ರಾತ್ರಿ ಮಿಷನ್ ರೂಮಿಗೆ ಬೀಗ ಬಿದ್ದಿರುವಾಗ, ಪೊಟ್ಯಾಸಿಯಂ ಏರಿ ತಕ್ಷಣ ಡಯಾಲಿಸಿಸ್ ಬೇಕಾದ ರೋಗಿಗೆ ತೊಡೆಸಂದಿಯಲ್ಲಿ ಕೈ ಅಂದಾಜೇ ಗತಿ. ಆ ಕೆಲಸಕ್ಕಾದರೂ ಹಳೇ ವಿಧಾನ ಕಲಿತಿರಲೇಬೇಕು ಅಲ್ವಾ? ಕುತ್ತಿಗೆಗೆ ಮಾತ್ರ ನಾನು ಮಿಷನ್ ಇಲ್ಲದೆ ಕೈ ಹಾಕಲ್ಲ.