ಎಂಟು ವರ್ಷ ಪಿಸಿ, ಎರಡೂವರೆ ವರ್ಷ ಪಿಎಸ್5: ಆಟವೇ ಬೇಸರವಾಗಿದ್ದವನ ವರದಿ

ಮೊದಲು ಎರಡೂ ಯಂತ್ರಗಳ ಜಾತಕ. ಪಿಸಿ 2017ರ ದಸರಾ ಹೊತ್ತಿನಲ್ಲಿ ಬೋನಸ್ ದುಡ್ಡಲ್ಲಿ ಕಟ್ಟಿಸಿದ್ದು. ಐ5-7400 ಪ್ರೊಸೆಸರ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಆಗ 8 ಈಗ 16 ಜಿಬಿ ರ‍್ಯಾಮ್, ಮೊದಲು ಬರೀ ಹಾರ್ಡ್ ಡಿಸ್ಕ್, ಆಮೇಲೆ 500 ಜಿಬಿ ಎಸ್‌ಎಸ್‌ಡಿ. ಮಾನಿಟರ್ ಸೇರಿ 71 ಸಾವಿರ ಆಯ್ತು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ, ಸಂಜೆ ಕ್ಯಾಬಿನೆಟ್ಟನ್ನು ತೊಡೆ ಮೇಲೆ ಕೂರಿಸಿಕೊಂಡು ಮೈಸೂರಿಗೆ ವಾಪಸ್ ಬಂದಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಮದ್ದೂರಿನವರೆಗೂ ಅದು ಮಿಕ್ಸಿ ಅಂದುಕೊಂಡಿದ್ದರು. ಪಿಎಸ್5, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್, ಡಿಸ್ಕ್ ಹಾಕುವ ಮಾದರಿ. 2023ರ ಆಗಸ್ಟ್‌ನಲ್ಲಿ 54,990ರದ್ದನ್ನು ರಿಯಾಯಿತಿಯಲ್ಲಿ 47,490ಕ್ಕೆ ತಂದೆ. ಎರಡೂ ಇವತ್ತಿಗೂ ಬಳಕೆಯಲ್ಲಿವೆ. ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ ಯಾರಾದರೂ ಒಬ್ಬರು 'ಯಾವ್ದು ತಗೊಳ್ಲಿ' ಅಂತ ಕೇಳುತ್ತಲೇ ಇರುವುದರಿಂದ ಒಂದು ಸಲ ಬರೆದು ಕೈತೊಳೆದುಕೊಳ್ಳೋಣ ಅನ್ನಿಸಿತು.

ಪಿಎಸ್5 ಮನೆಗೆ ಬಂದಾಗ ನನಗೆ ಆಟದ ಮೇಲೆ ಆಸೆಯೇ ಉಳಿದಿರಲಿಲ್ಲ. ಹಸಿವೇ ಇಲ್ಲದವನು ಹೊಸ ಒಲೆ ತಂದ ಹಾಗೆ ಅಂತ ನೀವು ನಗಬಹುದು. ಸರಸ್ವತಿಪುರಂನ ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಕೌಂಟರ್-ಸ್ಟ್ರೈಕ್ 1.6 ಆಡಲಿಕ್ಕೆ ಮ್ಯಾಥ್ಸ್ ಟ್ಯೂಷನ್ ತಪ್ಪಿಸಿದವನು ನಾನು. ಅಂಥವನು 2021ರ ಹೊತ್ತಿಗೆ ಏನು ಮಾಡುತ್ತಿದ್ದೆ ಅಂದರೆ, ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ, ಪಿಸಿ ಹಾಕಿ, ಸ್ಟೀಮ್ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ತೆರೆದು, 143 ಆಟಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉರುಳಿಸಿ, ಯಾವುದನ್ನೂ ಒತ್ತದೆ, ಕೊನೆಗೆ ಯೂಟ್ಯೂಬ್‌ನಲ್ಲಿ ಇನ್ಯಾರೋ ಆಡಿದ್ದನ್ನು ನೋಡಿ ಮಲಗುತ್ತಿದ್ದೆ. ಒಂದು ರಾತ್ರಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಅಂದಳು: "ಆಡೋದಾದ್ರೆ ಆಡಿ, ಇಲ್ಲಾಂದ್ರೆ ಮಲಗಿ. ಹೋಟ್ಲಿಗೆ ಹೋಗಿ ಬರೀ ಮೆನು ಓದ್ಕೊಂಡು ಬಂದಂಗಾಯ್ತು ನಿಮ್ದು."

ಸ್ಟೀಮ್ ಬೇರೆ, ಯಾವ ಆಟ ಎಷ್ಟು ಗಂಟೆ ಆಡಿದ್ದೀರಿ ಅಂತ ಪ್ರತಿಯೊಂದರ ಮುಂದೆಯೂ ಬರೆದಿಟ್ಟಿರುತ್ತದೆ. 143ರಲ್ಲಿ ನಾನು ಮುಗಿಸಿದ್ದು 9. ಒಮ್ಮೆಯೂ ತೆರೆಯದೇ ಇದ್ದದ್ದು 80ರ ಮೇಲೆ. ವಿಚರ್ 3 ಮೂರು ಸಲ ಶುರು ಮಾಡಿದ್ದೇನೆ, ಮೂರು ಸಲವೂ ಆರಂಭದ ವೈಟ್ ಆರ್ಚರ್ಡ್ ಅನ್ನುವ ಹಳ್ಳಿ ದಾಟಿಲ್ಲ. ಎಲ್ಲವೂ ಸೇಲ್‌ನಲ್ಲಿ ಮುನ್ನೂರು ನಾನೂರಕ್ಕೆ ಸಿಕ್ಕಿತು ಅಂತ ಬಾಚಿಕೊಂಡದ್ದು. 2015ರಿಂದ ಸ್ಟೀಮ್ ರೂಪಾಯಿಯಲ್ಲೇ ಬೆಲೆ ಹಾಕುತ್ತಿದೆ, ಯುಪಿಐ ಕೂಡ ಇದೆ. ಕೊಳ್ಳುವುದು ಅಷ್ಟು ಸುಲಭವಾಗಿಬಿಟ್ಟಿತು. ಕೊಂಡ ತಕ್ಷಣ ಅರ್ಧ ಆಡಿದಷ್ಟೇ ತೃಪ್ತಿ ಬೇರೆ.

ವಯಸ್ಸಾಯ್ತು ಅಂದುಕೊಂಡೆ. ಮೂವತ್ತೈದು ದಾಟಿದ ಮೇಲೆ ಎಲ್ಲರಿಗೂ ಹೀಗೇ ಅಂತ ಗೆಳೆಯರೂ ಅಂದರು. ಈಗ ತಿರುಗಿ ನೋಡಿದರೆ ಅದು ಅರ್ಧ ಮಾತ್ರ ನಿಜ. ನನಗೆ ಬೇಸರ ಬಂದಿದ್ದು ಆಟಕ್ಕಿಂತ ಹೆಚ್ಚಾಗಿ ಆಟಕ್ಕೆ ಕೂರುವ ಮುಂಚಿನ ಕೆಲಸದ ಮೇಲೆ.

ಆ ಕೆಲಸ ಏನು ಅಂತ ಒಂದು ರಾತ್ರಿಯದ್ದೇ ಹೇಳುತ್ತೇನೆ. ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಗೆ 2019ರ ನವೆಂಬರ್‌ನಲ್ಲಿ ಬಂತು, ಕನ್ಸೋಲ್‌ಗೆ ಬಂದ ಒಂದು ವರ್ಷದ ಮೇಲೆ. ಹೆಚ್ಚುಕಡಿಮೆ 150 ಜಿಬಿ. ಡೌನ್‌ಲೋಡ್ ಆಗಲು ಎರಡು ರಾತ್ರಿ ಬಿಟ್ಟೆ. ಮೂರನೇ ರಾತ್ರಿ ಕೂತರೆ ಮೊದಲು ಡ್ರೈವರ್ (ಗ್ರಾಫಿಕ್ಸ್ ಕಾರ್ಡ್ ನಡೆಸುವ ತಂತ್ರಾಂಶ) ಅಪ್‌ಡೇಟ್. ಆಮೇಲೆ ಸೆಟ್ಟಿಂಗ್ಸ್: ನೆರಳು ಮೀಡಿಯಂ, ನೀರು ಲೋ, ಟೆಕ್ಸ್ಚರ್ ಅಲ್ಟ್ರಾ. ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಅಂತ ಎಣಿಸುವ ಸಂಖ್ಯೆ 47 ತೋರಿಸಿತು. ಹೊರಗೆ ಬಂದು ಇನ್ನೆರಡು ಬದಲಾಯಿಸಿದೆ, 52. ಮತ್ತೆ ಹೊರಗೆ. ಆಟದಲ್ಲಿ ಹಿಮ ಸುರಿಯುತ್ತಿದೆ, ಕುದುರೆಗಳು ಉಸಿರು ಬಿಡುತ್ತಿವೆ, ನಾನು ನೋಡುತ್ತಿರುವುದು ಆ ಮೂಲೆಯ ಹಳದಿ ಅಂಕಿಯನ್ನು. ಗಡಿಯಾರ ಹನ್ನೊಂದೂಕಾಲು. ಬೆಳಿಗ್ಗೆ ಎಂಟಕ್ಕೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇರಬೇಕು. ಅವತ್ತು ಆಡಿದ್ದು ಹನ್ನೆರಡು ನಿಮಿಷ.

ಕೆಲವರಿಗೆ ಈ ತಿರುಪು ತಿರುಗಿಸುವುದೇ ಆಟ. ತಪ್ಪಿಲ್ಲ, ಇಪ್ಪತ್ತಾರರಲ್ಲಿ ನನಗೂ ಅದೇ ಆಟ ಆಗಿತ್ತು.

2021ರ ಬೇಸಿಗೆಯಲ್ಲಿ ಪಿಸಿ ಸತ್ತಿತು. ಪವರ್ ಒತ್ತಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವುದು. ಮೈಸೂರಿನ ಒಂದು ಅಂಗಡಿಗೆ ಕೊಟ್ಟೆ. ಎರಡು ದಿನ ಬಿಟ್ಟು "ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಸರ್, ಹೊಸದು ಹಾಕ್ಬಿಡಣ" ಅಂದರು. ಆಗ ಚಿಪ್ ಕೊರತೆ, ಕ್ರಿಪ್ಟೊ ಮೈನಿಂಗ್ ಎರಡೂ ಸೇರಿ ಕಾರ್ಡ್‌ಗಳ ಬೆಲೆ ಆಕಾಶಕ್ಕೆ ಹೋಗಿದ್ದ ಕಾಲ. ಇಪ್ಪತ್ತೈದು ಸಾವಿರದ ಮಾಲಿಗೆ ನಲವತ್ತೈದು ಹೇಳಿದರು. ಮನೆಗೆ ಹೊತ್ತು ತಂದೆ. ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗ ತನ್ನ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಹಂಚುವ ಪೆಟ್ಟಿಗೆ) ತಂದು ಸಿಕ್ಕಿಸಿದ, ಐದೇ ನಿಮಿಷಕ್ಕೆ ಪಿಸಿ ಎದ್ದು ಕೂತಿತು. ಕಾರ್ಡ್‌ಗೆ ಏನೂ ಆಗಿರಲಿಲ್ಲ. ಹೊಸ ಎಸ್‌ಎಂಪಿಎಸ್‌ಗೆ 3,800 ಆಯ್ತು. ಪಿಸಿಯ ದೊಡ್ಡ ಗುಣವೂ ಇದೇ ನೋಡಿ: ಬಿಚ್ಚಬಹುದು, ಒಂದೊಂದೇ ಭಾಗ ಬದಲಿಸಬಹುದು, ಬೀದಿಯ ಹುಡುಗನೂ ರಿಪೇರಿ ಮಾಡಬಹುದು. ಕನ್ಸೋಲ್‌ಗೆ ಅಷ್ಟು ಭಾಗ್ಯ ಇಲ್ಲ.

ಕರೆಂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾವ ವಿಮರ್ಶೆಯಲ್ಲೂ ಬರೆಯುವುದಿಲ್ಲ. ನಮ್ಮ ಕುವೆಂಪುನಗರದ ಮನೆಯಲ್ಲಿ ಏಪ್ರಿಲ್-ಮೇ ಮಳೆಗೆ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತದೆ. ಇನ್ವರ್ಟರ್ ಇದ್ದರೂ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಸಾಮಾನ್ಯ ಮೋಡ್, ಯುಪಿಎಸ್ ಮೋಡ್ ಅಂತ. ಯುಪಿಎಸ್ ಕಡೆಗೆ ತಳ್ಳಿದರೆ ಬ್ಯಾಟರಿಗೆ ಬದಲಾಗುವ ಹೊತ್ತು ತೀರಾ ಕಮ್ಮಿ ಆಗಿ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ನಾಲ್ಕು ವರ್ಷ ಇದು ಗೊತ್ತಿಲ್ಲದೆ ಪ್ರತ್ಯೇಕ ಯುಪಿಎಸ್‌ನ ಬ್ಯಾಟರಿ ಎರಡು ಸಲ ಬದಲಿಸಿದ್ದೆ. ಈಗ ಪಿಎಸ್5, ಟಿವಿ ಎರಡೂ ಇನ್ವರ್ಟರ್ ಮೇಲೇ ಇವೆ. ಪಿಎಸ್5 ದೊಡ್ಡ ಆಟಕ್ಕೆ 200 ವ್ಯಾಟ್ ಆಸುಪಾಸು ಎಳೆಯುತ್ತದೆ, ನಮ್ಮ 900 ವಿಎ ಇನ್ವರ್ಟರ್ ತಡೆದುಕೊಂಡಿದೆ.

ಸರಿ, ಪಿಎಸ್5. ತಂದದ್ದು ನನಗಾಗಿ ಅಲ್ಲ, ಮಗಳ ಬೇಸಿಗೆ ರಜೆಯ ಹಟ ಮೂರು ತಿಂಗಳು ತಡವಾಗಿ ಈಡೇರಿದ್ದು. ಮೊದಲ ವಾರ ಅದರ ಜತೆಗೇ ಬರುವ ಪುಟ್ಟ ರೋಬೋ ಆಟ, ಆಸ್ಟ್ರೋಸ್ ಪ್ಲೇರೂಮ್, ಅವಳೇ ಆಡಿದಳು. ಮಳೆ ಬಂದರೆ ಕಂಟ್ರೋಲರ್ ಅಂಗೈಯಲ್ಲಿ ಹನಿ ಬಿದ್ದ ಹಾಗೆ ನಡುಗುತ್ತದೆ. ಅಮ್ಮನ ಕೈಗೆ ಕೊಟ್ಟೆ, "ಅಯ್ಯೋ ಒಳಗೇನೋ ಹುಳ ಓಡಾಡ್ತಿದೆ ಕಣೋ" ಅಂತ ಸೋಫಾ ಮೇಲೆ ಎಸೆದರು.

ನನ್ನನ್ನು ಹಿಡಿದದ್ದು ಮಾತ್ರ ಗ್ರಾಫಿಕ್ಸ್ ಅಲ್ಲ, ರೆಸ್ಟ್ ಮೋಡ್. ಆಟದ ನಡುವೆ ಯಂತ್ರವನ್ನು ಮಲಗಿಸಬಹುದು. ಮರುದಿನ ಬಟನ್ ಒತ್ತಿದರೆ ಕತ್ತಿ ಎತ್ತಿದ ಕೈ ಎತ್ತಿದ ಹಾಗೇ ನಿಂತಿರುತ್ತದೆ. ಘೋಸ್ಟ್ ಆಫ್ ತ್ಸುಶಿಮಾ ಅನ್ನುವ ಆಟದ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದೆ. ರಾತ್ರಿ ಹತ್ತರಿಂದ ಹತ್ತೂಮುಕ್ಕಾಲು, ಮುಕ್ಕಾಲು ಗಂಟೆ. ಡ್ರೈವರ್ ಇಲ್ಲ, ಸೆಟ್ಟಿಂಗ್ ಇಲ್ಲ, 143ರ ಪಟ್ಟಿ ಇಲ್ಲ, ಇರುವುದೊಂದೇ ಡಿಸ್ಕ್, ಅದನ್ನೇ ಆಡಬೇಕು. ನವರಾತ್ರಿಗೆ ಶುರು ಮಾಡಿದ್ದು ಸಂಕ್ರಾಂತಿಗೆ ಮುಗಿಯಿತು. ಐದು ವರ್ಷದಲ್ಲಿ ನಾನು ಮುಗಿಸಿದ ಮೊದಲ ದೊಡ್ಡ ಆಟ. ಅದೇ ಆಟ ಪಿಸಿಗೆ ಬಂದದ್ದು 2024ರ ಮೇನಲ್ಲಿ, ಪಿಎಸ್4ಗೆ ಬಂದು ಸುಮಾರು ನಾಲ್ಕು ವರ್ಷವಾದ ಮೇಲೆ.

ಎರಡನೆಯದು, ಡಿಸ್ಕ್ ಲೆಕ್ಕ. ಪಿಎಸ್5ನ ದೊಡ್ಡ ಆಟಗಳು ಹೊಸದಾಗಿ ಐದು ಸಾವಿರದ ಆಸುಪಾಸು ಇವೆ, ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಾನು ಹೊಸದು ಕೊಂಡದ್ದು ಒಂದೇ ಒಂದು. ಮಿಕ್ಕದ್ದೆಲ್ಲ ಹೀಗೆ: 2,200ಕ್ಕೆ ಹಳೇ ಡಿಸ್ಕ್ ತಂದು, ಆಡಿ, 1,700ಕ್ಕೆ ಇನ್ನೊಬ್ಬರಿಗೆ ದಾಟಿಸುವುದು. ಒಂದು ಆಟಕ್ಕೆ ಬಿದ್ದ ಖರ್ಚು 500. ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿ ಅಗ್ಗ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಮಾರಬೇಕು ಅನ್ನುವ ಅವಸರಕ್ಕಾದರೂ ಆಟ ಮುಗಿಸುತ್ತೇನೆ, ಅದು ಇನ್ನೊಂದು ಲಾಭ. ಸ್ಟೀಮ್‌ನಲ್ಲಿ ಕೊಂಡದ್ದು ಮಾರಲಾಗುವುದಿಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಅದನ್ನು ನಾನು ನಾಲ್ಕು ಸಲ ಬಳಸಿದ್ದೇನೆ.

ಮಗಳ ಜತೆ ಆಡಿದ್ದು ಇಟ್ ಟೇಕ್ಸ್ ಟೂ. ಇಬ್ಬರೇ ಆಡಬೇಕು, ಒಬ್ಬರಿಂದ ಸಾಧ್ಯವಿಲ್ಲ, ಪರದೆ ಎರಡು ಹೋಳಾಗುತ್ತದೆ. ಶುರುವಿನಲ್ಲಿ ಒಬ್ಬರ ಕೈಗೆ ಮೊಳೆ, ಇನ್ನೊಬ್ಬರ ಕೈಗೆ ಸುತ್ತಿಗೆ. ನಾನು ಗೋಡೆಗೆ ಮೊಳೆ ಎಸೆದರೆ ಅವಳು ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟಬೇಕು. ನಾನು ಮೊಳೆಯನ್ನು ಬೇಗ ವಾಪಸ್ ಕರೆದುಬಿಟ್ಟು ಅವಳು ಬಿದ್ದಾಗಲೆಲ್ಲ "ಅಪ್ಪಾ, ನಾನ್ ಹೇಳೋವರ್ಗೂ ಮುಟ್ಬೇಡ" ಅನ್ನುವಳು, ಒಂಬತ್ತು ವರ್ಷದ ಮೇಸ್ತ್ರಿ. ತಂದೆ ತಾಯಂದಿರಿಗೆ ಒಂದು ಎಚ್ಚರಿಕೆ: ಕಥೆ ವಿಚ್ಛೇದನಕ್ಕೆ ಹೊರಟ ಗಂಡ ಹೆಂಡಿರದ್ದು, ಮಧ್ಯೆ ಒಂದು ಆನೆ ಬೊಂಬೆಯ ದೃಶ್ಯ ಇದೆ, ಅದು ಬೇಡ ಬೇಡ ಅಂದರೂ ಎಳೆದುಕೊಂಡು ಹೋಗಿ ಬೀಳಿಸಬೇಕು. ಬಟನ್ ಒತ್ತಬೇಕಾದವರು ನಾವೇ. ದಸರಾ ಆನೆಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ ಮೈಸೂರಿನ ಹುಡುಗಿ ಅವಳು, ಕಂಟ್ರೋಲರ್ ಕೆಳಗಿಟ್ಟು ಅಡಿಗೆಮನೆಗೆ ಹೋಗಿ ಅಜ್ಜಿ ಸೆರಗು ಹಿಡಿದುಕೊಂಡು ನಿಂತಳು. ನಾಲ್ಕು ದಿನ ಆ ಆಟದ ಸುದ್ದಿ ಎತ್ತಲಿಲ್ಲ. ಐದನೇ ದಿನ ಅವಳೇ ಬಂದು, ಆ ಜಾಗ ನೀನೊಬ್ಬನೇ ಎರಡೂ ಕೈಯಲ್ಲಿ ಆಡಿ ದಾಟಿಸಿಕೊಡು, ನಾನು ಆಮೇಲೆ ಬರ್ತೀನಿ ಅಂದಳು. ಎರಡು ಕಂಟ್ರೋಲರ್ ತೊಡೆ ಮೇಲಿಟ್ಟುಕೊಂಡು ದಾಟಿಸಿದೆ.

ಇದೇ ಆಟ ಪಿಸಿಯಲ್ಲೂ ಇದೆ, ಅಲ್ಲೂ ಎರಡು ಕಂಟ್ರೋಲರ್ ಸಿಕ್ಕಿಸಿ ಆಡಬಹುದು. ಆಡುತ್ತಿರಲಿಲ್ಲ ಅಷ್ಟೇ. ಪಿಸಿ ಇರುವ ಕೋಣೆಯಲ್ಲಿ ಕುರ್ಚಿ ಒಂದು, ಬಾಗಿಲು ಮುಚ್ಚಿರುತ್ತದೆ.

ಈಗ ಪಿಎಸ್5ನ ತೊಂದರೆಗಳು. ಮೊದಲನೆಯದು ಟಿವಿ. ಅದು ಅಮ್ಮನದು. ಸಂಜೆ ಏಳರಿಂದ ಒಂಬತ್ತೂವರೆ ಧಾರಾವಾಹಿ, ಐಪಿಎಲ್ ಬಂದರೆ ನನ್ನ ಹೆಂಡತಿಯೂ ಆ ಪಕ್ಷ ಸೇರುತ್ತಾಳೆ. ಎರಡು ತಿಂಗಳು ಆಟ ಬಂದ್. ಎರಡನೆಯದು, ಡಬ್ಬಿ ಮೇಲೆ 825 ಜಿಬಿ ಅಂತಿದ್ದರೂ ಕೈಗೆ ಸಿಗುವುದು 667ರಷ್ಟು, ಐದಾರು ದೊಡ್ಡ ಆಟಕ್ಕೆ ತುಂಬುತ್ತದೆ. ನಾನು 1 ಟಿಬಿ ಎಸ್‌ಎಸ್‌ಡಿ ಕೊಂಡು ಒಳಗೆ ಹಾಕಿದೆ, ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಡಿಸ್ಕ್ ಇದ್ದರೂ ಅಪ್‌ಡೇಟ್ ಇಳಿಸಲೇಬೇಕು. 100 ಎಂಬಿಪಿಎಸ್ ಲೈನಿನಲ್ಲಿ 100 ಜಿಬಿಗೆ ಎರಡೂಕಾಲು ಗಂಟೆ ಹಿಡಿಯುತ್ತದೆ. ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜತೆ ಆಡಲು ಪಿಎಸ್ ಪ್ಲಸ್ ಚಂದಾ ಬೇರೆ ಕಟ್ಟಬೇಕು, ಪಿಸಿಯಲ್ಲಿ ಆ ತಲೆನೋವಿಲ್ಲ. ಇನ್ನು ಗುರಿ ಇಟ್ಟು ಹೊಡೆಯುವ ಆಟ. ಇಪ್ಪತ್ತು ವರ್ಷ ಮೌಸ್ ಹಿಡಿದ ಕೈಗೆ ಹೆಬ್ಬೆರಳಲ್ಲಿ ಗುರಿ ಹಿಡಿಯುವುದು ಎಡಗೈಯಲ್ಲಿ ಮುದ್ದೆ ಮುರಿದಷ್ಟೇ ಕಷ್ಟ. ಬಿಟ್ಟುಬಿಟ್ಟೆ. ಅಗ್ಗಕ್ಕೆ ತಂದ ಎರಡನೇ ಕಂಟ್ರೋಲರ್ ಎಂಟು ತಿಂಗಳಿಗೆ ತಾನಾಗೇ ಎಡಕ್ಕೆ ನಡೆಯಲು ಶುರು ಮಾಡಿತು, ಆ ಉಳಿತಾಯ ಮಾಡಬೇಡಿ.

ಹಳೇ ಆಸೆ ವಾಪಸ್ ಬಂತಾ ಅಂದರೆ, ಪೂರ್ತಿ ಬಂದಿಲ್ಲ. ಹೊಸ ಆಟದ ಟ್ರೇಲರ್ ನೋಡಿ ನಿದ್ದೆಗೆಡುವವನು ಈಗ ನಾನಲ್ಲ. ಎಲ್ಡನ್ ರಿಂಗ್ ಡಿಸ್ಕ್ ತಂದು, ಮೊದಲ ದೊಡ್ಡ ರಾಕ್ಷಸನ ಹತ್ತಿರ ಹದಿನೇಳು ಸಲ ಸತ್ತು, ಮೂರೇ ದಿನಕ್ಕೆ ಮಾರಿದೆ. ಹುಡುಗನಾಗಿದ್ದರೆ ಅದೇ ಛಲ ಹಿಡಿಯುತ್ತಿತ್ತು. ಈಗ ದಿನವಿಡೀ ಆಫೀಸಿನಲ್ಲಿ ಬೈಸಿಕೊಂಡು ಬಂದು ರಾತ್ರಿ ಮತ್ತೆ ಏಟು ತಿನ್ನಲು ಮನಸ್ಸಿಲ್ಲ. ಕೆಲವು ತಿಂಗಳು ಯಂತ್ರದ ಮೇಲೆ ಧೂಳು ಕೂತದ್ದೂ ಇದೆ. ಆದರೆ ಮುನ್ನೂರಕ್ಕೆ ಸಿಕ್ಕಿತು ಅಂತ ಕೊಳ್ಳುವುದು ನಿಂತಿತು, ಎರಡೂವರೆ ವರ್ಷದಲ್ಲಿ 11 ಆಟ ಮುಗಿಸಿದೆ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ. ಮನೆ, ಮಕ್ಕಳು, ಕೆಲಸ ಇದ್ದು ದಿನಕ್ಕೆ ಒಂದು ಗಂಟೆಯೂ ಸಿಗದವರು ಡಿಸ್ಕ್ ಇರುವ ಕನ್ಸೋಲ್ ತಗೊಳ್ಳಿ, ಟಿವಿ ಯಾರದು ಅಂತ ಮೊದಲು ಮಾತಾಡಿಕೊಳ್ಳಿ. ಕಾಲೇಜು ಹುಡುಗರು, ಓದಿಗೂ ಕೆಲಸಕ್ಕೂ ಕಂಪ್ಯೂಟರ್ ಬೇಕೇ ಬೇಕು ಅನ್ನುವವರು ಪಿಸಿ ಕಟ್ಟಿಸಿ, ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ತಡೆದರೂ ನಷ್ಟವಿಲ್ಲ. ಬೇಸರ ಕಳೆಯಲಿ ಅಂತ ಹೊಸ ಯಂತ್ರ ಕೊಳ್ಳಲು ಹೊರಟವರು ಮೊದಲು ಇರುವ ಯಂತ್ರದಲ್ಲಿ ಒಂದೇ ಒಂದು ಆಟ ಉಳಿಸಿ ಮಿಕ್ಕದ್ದೆಲ್ಲ ಅಳಿಸಿ ಹದಿನೈದು ದಿನ ನೋಡಿ. ಪುಕ್ಕಟೆ.

ನನ್ನ ಪಿಸಿಯ ಗತಿ ಏನು ಅಂದರೆ, 7ನೇ ತಲೆಮಾರಿನ ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕಿನ ಕೆಲಸ ಅದರಲ್ಲಿ ನಿಲ್ಲಿಸಿದ್ದೇನೆ. ಶನಿವಾರ ರಾತ್ರಿ ಮಾತ್ರ ಮಂಡ್ಯದ ಹಳೇ ಗೆಳೆಯನ ಜತೆ ಏಜ್ ಆಫ್ ಎಂಪೈರ್ಸ್ 2. ಅದು 2025ರಲ್ಲಿ ಪಿಎಸ್5ಗೂ ಬಂತು, ಆದರೂ ಆ ಆಟಕ್ಕೆ ಕೂತರೆ ಹಳೇ ಕುರ್ಚಿ, ಹಳೇ ಮೌಸೇ ಬೇಕು. ಹೋದ ವಾರ ನಾನು ಅವನ ಕೋಟೆ ಬಾಗಿಲಿಗೆ ಆನೆ ಪಡೆ ತಂದು ನಿಲ್ಲಿಸಿದ್ದೆ, ಹೆಡ್‌ಫೋನಿನಲ್ಲಿ ಅವನ ದನಿ: "ನಾಲೆಗೆ ನೀರ್ ಬುಟ್ಟವ್ರೆ ಕಣ್ ಮಗ, ಇವತ್ತು ನಮ್ ಸರದಿ. ಆನೆ ಎಲ್ಲಾ ಅಲ್ಲೇ ನಿಲ್ಸು, ಗದ್ದೆ ತಾವ್ ಹೋಗ್ಬುಟ್ಟು ಬತ್ತೀನಿ." ಆಟ ಅಲ್ಲೇ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆ. ಬಂದು ಸೋಲಿಸಿಯೂಬಿಟ್ಟ. 1060 ಕಾರ್ಡ್ ಮಾರ್ತೀರಾ ಅಂತ ಕೇಳಿದವರಿಗೆ: ಸದ್ಯಕ್ಕಿಲ್ಲ.